ಕಾಜಾಣದ ಇಪ್ಪತ್ತು ದಿನ

ಹಕ್ಕಿಗಳ ಸಭೆಯಲ್ಲಿ ಮುದಿ ಗೂಬೆ ತೀರಿಕೊಂಡಿತು. ಚುನಾವಣೆಗೆ ಇನ್ನೂ ಇಪ್ಪತ್ತು ದಿನವಿತ್ತು. ಅಲ್ಲಿಯವರೆಗೆ ಆ ಜಾಗದಲ್ಲಿ ವಕೀಲ ಕಾಜಾಣವನ್ನು ಕೂರಿಸಿದರು. ಮೊದಲ ದಿನವೇ ಗಿಡುಗ ಒಂದು ಮಸೂದೆ ತಂದಿತು: ಗೀಜಗದ ಗೂಡುಗಳಿಗಿದ್ದ ರಕ್ಷಣೆ ರದ್ದಾಗಬೇಕು. ಉಳಿದವರೆಲ್ಲ ಹೆದರಿ ತಲೆಯಾಡಿಸಿದರು.

ಮತಕ್ಕೆ ಹಾಕಿದರೆ ಸೋಲು ಖಚಿತವೆಂದು ಕಾಜಾಣಕ್ಕೆ ಗೊತ್ತಿತ್ತು. ಗೂಡುಗಳಲ್ಲಿ ಆಗತಾನೇ ಮೊಟ್ಟೆಯೊಡೆದು ಬಂದ ಮರಿಗಳಿದ್ದವು. ಅದು ದಣಿದ ದನಿಯಲ್ಲಿ, "ಅಧ್ಯಕ್ಷರೇ, ಮಸೂದೆ ಓದಲು ನನಗೆ ವಾಯಿದೆ ಬೇಕು," ಎಂದಿತು.

"ಕೋರ್ಟಿನ ಚಾಳಿಯನ್ನು ಇಲ್ಲಿಗೂ ತಂದಿರಾ ವಕೀಲರೇ?" ಎಂದು ಗಿಡುಗ ನಕ್ಕಿತು.

"ಬೇರೇನೂ ಕಲಿತಿಲ್ಲ ಸ್ವಾಮಿ."

ಒಂದು ವಾರ ಸಿಕ್ಕಿತು. ಆಮೇಲೆ ಸಾಕ್ಷಿ ಕರೆಸಬೇಕೆಂದು ಇನ್ನೊಂದು ವಾರ, ಗಂಟಲು ಕಟ್ಟಿದೆಯೆಂದು ಆರು ದಿನ. "ಎದ್ದು ನಿಂತು ಬೇಡ ಅನ್ನೋಕೂ ಧೈರ್ಯವಿಲ್ಲ, ಬರೀ ದಿನ ತಳ್ಳೋದು," ಎಂದು ಗೀಜಗಗಳೂ ಹಂಗಿಸಿದವು. ನಿಜವಾದ ಕಾರಣ ಹೇಳಿದರೆ ಗಿಡುಗದ ಕಿವಿಗೆ ಬಿದ್ದೀತೆಂದು ಕಾಜಾಣ ಬರೀ ಕೆಮ್ಮಿತು.

ಇಪ್ಪತ್ತೊಂದನೆಯ ದಿನ ಗಿಡುಗದ ಭಾವಮೈದುನ ಆ ಜಾಗಕ್ಕೆ ಆರಿಸಿಬಂದ. ಮಸೂದೆ ಒಂದೇ ಉಸಿರಿಗೆ ಪಾಸಾಯಿತು. ಗಿಡುಗ ನೇರ ಗೀಜಗಗಳ ಜಾಲಿಮರಕ್ಕೆ ಹಾರಿ ಗೂಡುಗಳನ್ನೆಲ್ಲ ಸೀಳಿ ನೋಡಿತು. ರೆಕ್ಕೆ ಬಲಿತ ಮರಿಗಳು ಬೆಳಿಗ್ಗೆಯೇ ಹಾರಿಹೋಗಿದ್ದವು.

ಕಾಜಾಣ ತನ್ನ ಕೊಂಬೆಯಲ್ಲಿ ಕಕ್ಷಿಗಾರರಿಗಾಗಿ ಕಾಯುತ್ತ ಕುಳಿತಿತ್ತು. ಯಾರೂ ಬರಲಿಲ್ಲ. ಅದೂ ಒಳ್ಳೆಯದೇ ಆಯಿತು; ಇಪ್ಪತ್ತು ದಿನ ದಣಿದಿದ್ದ ಅದಕ್ಕೆ ನಿದ್ದೆ ಬೇಕಾಗಿತ್ತು.