ಹೆಜ್ಜೇನು ಕೊಡದ ಕಾಗದ

ಪಕ್ಕದ ದೇಶದಿಂದ ಜೀವ ಉಳಿಸಿಕೊಂಡು ಓಡಿಬಂದ ನಲವತ್ತು ಕುಟುಂಬಗಳು ಗಡಿಯ ಹೊಳೆದಡದಲ್ಲಿ ಕೂತಿದ್ದವು. ಅವರನ್ನು ಒಳಗೆ ಬಿಡಬೇಕೋ ಬೇಡವೋ ಎಂದು ಪ್ರವಾಸಿ ಮಂದಿರದ ವರಾಂಡದಲ್ಲಿ ಸಮಿತಿ ಚರ್ಚಿಸುತ್ತಿತ್ತು. ಮೂರು ದಿನದಲ್ಲಿ ಇತ್ಯರ್ಥವಾದದ್ದು ಬೋಂಡ ಮಾತ್ರ.

ಅಧ್ಯಕ್ಷರು ಸಿಗರೇಟಿನ ಹೊಗೆ ಬಿಡುತ್ತಾ ಮತ್ತೆ ಅದನ್ನೇ ಹೇಳಿದರು: "ಅಂತರರಾಷ್ಟ್ರೀಯ ಕಾನೂನು ಅಂದ್ರೆ ಛತ್ರ ಅಲ್ಲ ಕಣ್ರೀ! ಊರಿಗೆ ಊರನ್ನೇ ಅಟ್ಟಿದ್ರೆ ಲೆಕ್ಕಕ್ಕಿಲ್ಲ. ಇಂಥವನನ್ನೇ ಗುರಿಯಿಟ್ಟು ಅಟ್ಟಿದ್ರು ಅನ್ನೋದಕ್ಕೆ ಕಾಗದ ಬೇಕು."

ಹೊಗೆ ಸಜ್ಜದ ಕೆಳಗಿನ ಹೆಜ್ಜೇನಿಗೆ ತಾಗಿತು. ಹಿಂಡು ಎದ್ದಿತು. ಸದಸ್ಯರು ಕಾರುಗಳಿಗೆ ನುಗ್ಗಿದರು. ಅಧ್ಯಕ್ಷರು ಅಡುಗೆಮನೆಯ ಬಾಗಿಲು ಬಡಿದರು.

ಒಳಗಿದ್ದ ಅಡುಗೆಯವ ಮೇಟಿ ಕಿಟಕಿಯಿಂದ ಕೇಳಿದ: "ಸಾಹೇಬ್ರೇ, ಜೇನು ತಮ್ಮನ್ನೇ ಗುರಿಯಿಟ್ಟು ಅಟ್ಟಿತೋ, ಎಲ್ಲರನ್ನೂ ಅಟ್ಟಿತೋ?"

"ಎಲ್ಲರನ್ನೂ ಕಣೋ! ಬಾಗಿಲು ತೆಗಿ!"

"ಹಾಗಾದ್ರೆ ಲೆಕ್ಕಕ್ಕಿಲ್ಲವಲ್ಲ. ಜೇನು ಕಾಗದ ಏನಾದ್ರೂ ಕೊಟ್ಟಿದೆಯಾ?"

"ಮುಠ್ಠಾಳ! ನನ್ನ ಮುಖ ಕಾಣಿಸಲ್ವೇನೋ?"

ಮೇಟಿ ತಟ್ಟನೆ ಬಾಗಿಲು ತೆಗೆದು ಅವರನ್ನು ಒಳಗೆ ಎಳೆದುಕೊಂಡ. ಊದಿದ ಕೆನ್ನೆಗೆ ಸುಣ್ಣ ಹಚ್ಚುತ್ತಾ ಹೇಳಿದ:

"ಕಾಣಿಸ್ತು ಸಾಹೇಬ್ರೇ, ನನಗೆ ಅಷ್ಟೇ ಸಾಕಾಯ್ತು. ತಾವೂ ಒಂದು ಸಲ ಹೊಳೆದಡಕ್ಕೆ ಹೋಗಿದ್ರೆ, ಅಲ್ಲಿ ನಲವತ್ತು ಮನೆಯವರ ಮುಖ ಕಾಣಿಸ್ತಿತ್ತು."