ನೆಲ್ಲಿಕಾಯಿ ತಿಂದ ಬಾಯಿ

ಹೊಳೆದಂಡೆಯ ಮೇಲೊಂದು ಮಠ. ದುಃಖ ಇದ್ದವರು ಬಂದು ಹೇಳಿಕೊಳ್ಳುತ್ತಿದ್ದರು, ಗುರು ಸಿದ್ಧಮಲ್ಲಯ್ಯ ಕೇಳುತ್ತಿದ್ದರು. ಆ ಮಠದಲ್ಲಿ ಪೂಜೆಗಿಂತ ದೊಡ್ಡ ಕೆಲಸ ಅದೇ.

ಅವತ್ತು ಮೊದಲ ಸಲ ಶಿಷ್ಯ ಅಡವೀಶನನ್ನು ಬಂದವರ ದುಃಖ ಕೇಳಲು ಕೂರಿಸಿದ್ದರು. ಈ ಕೆಲಸಕ್ಕೆ ಹೊಸಬನಲ್ಲವೇ, ಅವಸರ ಜಾಸ್ತಿ. ಸ್ವಲ್ಪ ಹೊತ್ತಿಗೇ ಕಣ್ಣೊರೆಸಿಕೊಳ್ಳುತ್ತ ಒಳಗೆ ಬಂದ.

“ಏನಾತೋ?”

“ನಿಂಗವ್ವ ಅಂತ ಒಬ್ಬಾಕಿ ಬಂದಿದ್ಲರಿ. ಸಣ್ಣ ಮಗನ್ನ ತಂಗಿ ಮನ್ಯಾಗ ಬಿಟ್ಟು ಬಂದಾಳ. ‘ಆ ಕೂಸು ಬಾಗಲಾ ಕಾಯ್ಕೊಂಡು ಕುಂತಿರ್ತದ, ಈಗಿಂದೀಗ ಹೋಗಿ ಎತ್ತಿಕೋ’ ಅಂದೆ. ಹೂಂ ಅಂತ ಎದ್ದು ಹೊಂಟಾಳ. ದೋಣಿಗೆ ಕಾಯಾಕತ್ತಾಳ.”

“ಯಾಕ ಬಿಟ್ಟು ಬಂದ್ಲಂತ?”

ಅಡವೀಶ ಹೊರಗಿನ ಕಟ್ಟೆಯ ಕಡೆ ನೋಡಿದ. ಚಿಕ್ಕವನಿದ್ದಾಗ ಅವನ ತಾಯಿ ಅವನನ್ನು ಇದೇ ಮಠದ ಕಟ್ಟೆಯ ಮೇಲೆ ಕೂರಿಸಿ ಹೋಗಿದ್ದಳು. ತಿರುಗಿ ಬಂದಿರಲಿಲ್ಲ.

“ಕೇಳಲಿಲ್ಲರಿ.”

ಗುರುಗಳು ಒಂದು ನೆಲ್ಲಿಕಾಯಿ ಕೊಟ್ಟು ಅಗಿಯಲು ಹೇಳಿದರು. ಆಮೇಲೆ ತಂಬಿಗೆ ಚಾಚಿದರು.

“ಹೊಳಿ ನೀರು. ಹೆಂಗದ?”

“ಸಿಹಿ ಅದರಿ.”

“ಹೊಳಿ ಸಿಹಿ ಆತೇನು?”

ಅಡವೀಶನ ಮುಖ ಸಣ್ಣದಾಯಿತು. “ಇಲ್ಲರಿ. ನನ್ನ ಬಾಯಿ. ತಪ್ಪಾತು ಅಜ್ಜಾರ. ಇನ್ನ ಮ್ಯಾಲ ಕಲ್ಲಾಗಿ ಕೂಡ್ತೀನಿ. ಯಾರು ಅತ್ರೂ ಎದಿ ಕರಗಗೊಡೂದಿಲ್ಲ.”

“ಭಾಳ ಶಾಣ್ಯಾ ಆದಿ! ನಾಲಿಗಿ ಕಿತ್ತಿಟ್ಟು ಕುಡಿದ್ರ ನೀರಿನ ರುಚಿ ಗೊತ್ತಾಗ್ತದೇನು? ಏಳು, ದೋಣಿ ಬಿಡ್ತದ.”

ಅಡವೀಶ ಓಡಿದ. ನಿಂಗವ್ವ ಆಗಲೇ ದೋಣಿಯಲ್ಲಿ ಕೂತಿದ್ದಳು. ಅವನು ನೀರಿಗಿಳಿದು ದೋಣಿಯ ಅಂಚು ಹಿಡಿದ. ಅಂಬಿಗ ಬಾಯಿಗೆ ಬಂದಂತೆ ಬೈದ. ಇವನು ಬಿಡಲಿಲ್ಲ.

“ಯವ್ವಾ, ನಾ ನನ್ನ ಅಳು ಅತ್ತೆ, ನಿನ್ನ ಮಾತು ಕೇಳಲಿಲ್ಲ. ಕೂಸನ್ನ ಯಾಕ ಬಿಟ್ಟು ಬಂದಿ?”

ಆಕೆ ಸೆರಗನ್ನು ಬಾಯಿಗೊತ್ತಿ ಕೆಮ್ಮಿದಳು. ಕೆಮ್ಮು ಬೇಗ ನಿಲ್ಲಲಿಲ್ಲ.

“ನನಗ ಕ್ಷಯ ಅದ ಸ್ವಾಮಿ. ಅವಗ ಹತ್ತಬಾರದು ಅಂತ ಬಿಟ್ಟೆ. ನೀವು ಬಾಗಲಾ ಕಾಯ್ತಾನ ಅಂದಕೂಡಲೇ ಜೀವ ತಡೀಲಿಲ್ಲ.”

ಅಡವೀಶನಿಗೆ ತನ್ನ ತಾಯಿ ನೆನಪಾದಳು. ಅವಳೂ ಕೆಮ್ಮುತ್ತಿದ್ದಳೇ? ಅಳು ಒತ್ತರಿಸಿ ಬಂತು. ಈ ಅಳು ನನ್ನದು, ಈಕೆಯದಲ್ಲ ಎಂದು ಮನಸ್ಸಿನಲ್ಲೇ ಗಟ್ಟಿಯಾಗಿ ಹೇಳಿಕೊಂಡ. ಆಕೆಯನ್ನು ದಡಕ್ಕೆ ಇಳಿಸಿಕೊಂಡು, ಎದುರಿಗೆ ಕೂತು, ಹೊತ್ತು ಇಳಿಯುವ ತನಕ ಕೇಳಿದ. ವಾಸಿಯಾಗುವವರೆಗೆ ಕೂಸು ತಂಗಿಯ ಹತ್ತಿರವೇ ಇರಲಿ ಎಂದು ಆಕೆಯೇ ತೀರ್ಮಾನಿಸಿದಳು.

ಮಠಕ್ಕೆ ಮರಳಿದ ಅಡವೀಶ ಗುರುಗಳ ಕಾಲ ಬಳಿ ಕುಸಿದು ಕೂತ.

“ಅಜ್ಜಾರ, ಈ ನೆಲ್ಲಿಕಾಯಿ ರುಚಿ ಯಾವಾಗ ಹೋಗ್ತದರಿ?”

ಗುರುಗಳು ತಂಬಿಗೆ ಎತ್ತಿ ಒಂದು ಗುಟುಕು ಕುಡಿದರು.

“ನಂದು ಇನ್ನೂ ಹೋಗಿಲ್ಲೋ ತಮ್ಮಾ. ಅದಕ್ಕ ಬಂದವರನ್ನ ಕೇಳ್ತೀನಿ, ನೀರು ಹೆಂಗದ ಅಂತ.”