ಅವಳಿ ಗುಂಡಿ

ಹಳೆ ಜೀಪನ್ನು ಬಿಚ್ಚಿ ತನ್ನಿಷ್ಟದಂತೆ ಕಟ್ಟುತ್ತಿದ್ದ ರೇಣವ್ವ ಡ್ಯಾಶ್‌ಬೋರ್ಡಿಗೆ, ಎಂಜಿನ್ ಚಾಲೂ-ಬಂದ್ ಮಾಡುವ ಹೊಳೆಯುವ ಇಗ್ನಿಷನ್ ಗುಂಡಿ ಕೂರಿಸಿದಳು. ಹೆಡ್‌ಲೈಟಿಗೆ ಯಾವ ಸ್ವಿಚ್ಚು?

"ನಾನು," ಎಂದಿತು ಅದರಂತೆಯೇ ಇದ್ದ ಇನ್ನೊಂದು ಗುಂಡಿ. "ಅವಳಿಗಳು ಪಕ್ಕಪಕ್ಕ ಕೂತರೆ ಎಷ್ಟು ಚೆಂದ! ಈ ಉದ್ದ ಮೂತಿಯವನನ್ನು ಯಾರು ನೋಡುತ್ತಾರೆ?"

ಉದ್ದ ಮೂತಿಯವನೆಂದರೆ, ಎಳೆದರೆ ದೀಪ ಹತ್ತುವ ಹಳೆ ಸ್ವಿಚ್ಚು.

ರೇಣವ್ವ ಅವಳಿಯನ್ನೇ ಜೋಡಿಸಿ, ಎಂಜಿನ್ ಚಾಲೂ ಮಾಡಿ, ಕಣ್ಣು ಮುಚ್ಚಿದಳು. ನಿಂತಲ್ಲೇ ಜೀಪು ಅವಳ ಮನಸ್ಸಿನಲ್ಲಿ ಘಾಟಿ ಏರಿತು. ಮಂಜು ತೇಲಿ ಬಂತು, ಮುಂದಿನ ತಿರುವು ಅದರೊಳಗೆ ಕರಗಿತು. "ದೀಪ ಹಚ್ಚಬೇಕು!" ಎಂದು ತಡಕಾಡಿ ಗುಂಡಿ ಒತ್ತಿದಳು. ಕೈಗೆ ಸಿಕ್ಕಿದ್ದು ಇಗ್ನಿಷನ್ ಗುಂಡಿ; ಎಂಜಿನ್ನೇ ನಿಂತುಹೋಯಿತು.

ಬೆಚ್ಚಿ ಕಣ್ಣು ಬಿಟ್ಟವಳು ಅವಳಿಯನ್ನು ಕಳಚಿ ಹಳೆಯದನ್ನು ಕೂರಿಸಿದಳು.

"ನಾನು ಚೆಂದ ಇರಲಿಲ್ಲವೇ?" ಎಂದು ಗುಂಡಿ ಅತ್ತಿತು.

"ಇದ್ದೆ, ತಮ್ಮಾ," ಎಂದಿತು ಹಳೆ ಸ್ವಿಚ್ಚು. "ಆದರೆ ದೀಪದ ಸ್ವಿಚ್ಚನ್ನು ಜನ ಹುಡುಕುವುದೇ ಏನೂ ಕಾಣದಾದಾಗ."